ಬಣ್ಣದ ಪೆಟ್ಟಿಗೆ: ವಿಡಿಯೊದಲ್ಲಿ ಚೆಂದ, ನನ್ನ ಮುಖದಲ್ಲಿ ವೇಷ

ದಸರಾ ಹತ್ತಿರ ಬಂತು. ಯುವ ಸಂಭ್ರಮ, ಕಾಲೇಜು ಫ್ಯಾಷನ್ ಷೋ, ಊರ ನಾಟಕ ಎಲ್ಲಾ ಒಟ್ಟಿಗೆ ಶುರುವಾಗಿವೆ. ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಥರದವು. ಎಲ್ಲರ ಫೋನಿನಲ್ಲೂ ಯಾರೋ ದೊಡ್ಡ ಮೇಕಪ್ ಆರ್ಟಿಸ್ಟ್ ಮಾಡಿದ ಒಂದು ಮುಖ ಸೇವ್ ಆಗಿ ಕೂತಿದೆ. ಅದನ್ನು ತಮ್ಮ ಮುಖಕ್ಕೆ ಇಳಿಸುವುದು ಹೇಗೆ ಅಂತ ಕೇಳಿದ್ದಾರೆ. ಏಳೆಂಟು ಪತ್ರ ಆರಿಸಿಕೊಂಡಿದ್ದೇನೆ. ಮದುವೆ ಮೇಕಪ್ಪಿನ ರೇಟು ಕೇಳಿದವರು ಅಗ್ರಹಾರದ ನನ್ನ ಪಾರ್ಲರಿಗೇ ಬನ್ನಿ, ಪತ್ರಿಕೆಯಲ್ಲಿ ಚೌಕಾಸಿ ಬೇಡ.

ಪ್ರಶ್ನೆ: ದೊಡ್ಡ ದೊಡ್ಡ ಆರ್ಟಿಸ್ಟ್‌ಗಳ ವಿಡಿಯೊ ನೋಡಿ ಒಂದೊಂದು ಹೆಜ್ಜೆಯನ್ನೂ ಹಾಗೇ ಮಾಡುತ್ತೇನೆ. ಅವರು ಬಳಸಿದ ಶೇಡ್ ಹುಡುಕಿ ತರಿಸಿದ್ದೂ ಇದೆ. ಆದರೂ ಕೊನೆಗೆ ಕನ್ನಡಿ ನೋಡಿದರೆ ವೇಷ ಹಾಕಿದ ಹಾಗೆ ಕಾಣುತ್ತೇನೆ. ಎಲ್ಲಿ ತಪ್ಪುತ್ತಿದ್ದೇನೆ?
— ಬಿ.ಎಸ್ಸಿ. ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಪತ್ರ ಓದಿ ನಕ್ಕೆ, ಬೇಜಾರು ಮಾಡಿಕೊಳ್ಳಬೇಡಿ. ನನ್ನದೇ ಕಥೆ ನೆನಪಾಯಿತು. 1996ರಲ್ಲಿ ಒಂದು ಸಿನಿಮಾ ಪತ್ರಿಕೆಯ ಮುಖಪುಟ ಕತ್ತರಿಸಿ ಇಟ್ಟುಕೊಂಡು, ಪಾಂಡವಪುರದಲ್ಲಿ ನಮ್ಮ ಚಿಕ್ಕಮ್ಮನ ಮಗಳ ಮದುವೆಗೆ ಅದೇ ಮುಖ ಮಾಡಲು ಹೋದೆ. ಗುಲಾಬಿ ಬಣ್ಣದ ಫೌಂಡೇಶನ್, ಬೆಳ್ಳಿ ಬಣ್ಣದ ಐಶ್ಯಾಡೊ. ಧಾರೆ ಮಂಟಪದ ಟ್ಯೂಬ್‌ಲೈಟಿನ ಕೆಳಗೆ ಹುಡುಗಿ ಬೂದಿ ಬಣ್ಣಕ್ಕೆ ತಿರುಗಿದಳು. ಗಂಡಿನ ಕಡೆಯ ಅಜ್ಜಿಯೊಬ್ಬರು ಬಂದು ಮೆಲ್ಲಗೆ ಕೇಳಿದರು, 'ಯಾಕವ್ವ, ಹುಡುಗಿಗೆ ಜ್ವರನಾ?' ಆ ಆಲ್ಬಮ್ ಇವತ್ತಿಗೂ ನನ್ನ ಕೈಗೆ ಸಿಗದ ಹಾಗೆ ಅವಳು ಬಚ್ಚಿಟ್ಟಿದ್ದಾಳೆ.

ನನಗೆ ಕೆಲಸ ಕಲಿಸಿದವರು ನಾಟಕಗಳಿಗೆ ಬಣ್ಣ ಹಚ್ಚುತ್ತಿದ್ದ ಒಬ್ಬ ಮೇಷ್ಟ್ರು. ಆ ಮದುವೆಯ ಕಥೆ ಕೇಳಿ ಅವರು ಒಂದು ಮಾತೂ ಬೈಯಲಿಲ್ಲ. ರಾತ್ರಿ ಕೋಣೆಯ ದೀಪ ಆರಿಸಿ, ಒಂದು ಬುಡ್ಡಿ ದೀಪ ಹಚ್ಚಿ ತಮ್ಮ ಗಲ್ಲದ ಕೆಳಗೆ ಹಿಡಿದರು. ಆಮೇಲೆ ಕಿವಿಯ ಪಕ್ಕ. ಆಮೇಲೆ ನೆತ್ತಿಯ ಮೇಲೆ. ಒಂದೇ ಮುಖ ಮೂರು ಮುಖ ಆಯಿತು. 'ಅವರು ದೀಪ ಎಲ್ಲಿಟ್ಟಿದ್ದಾರೆ ಅಂತ ಮೊದಲು ನೋಡು, ಬಣ್ಣ ಆಮೇಲೆ' ಅಂದರು. ನಿಮ್ಮ ತಪ್ಪೂ ಅಲ್ಲೇ ಇದೆ ಅಂತ ನನ್ನ ಅನುಮಾನ. ವಿಡಿಯೊದವರ ಮುಂದೆ ಉಂಗುರದಂಥ ಒಂದು ದೊಡ್ಡ ದೀಪ ಇರುತ್ತದೆ. ಅದು ಮುಖದ ನೆರಳನ್ನೆಲ್ಲ ತಿಂದು ಹಾಕುತ್ತದೆ. ಅದಕ್ಕೇ ಅವರು ಕೆನ್ನೆಯ ಕೆಳಗೆ, ಮೂಗಿನ ಪಕ್ಕ ಕಂದು ಬಣ್ಣ ಹಚ್ಚಿ ಹೋದ ನೆರಳನ್ನು ವಾಪಸ್ ತರುತ್ತಾರೆ. ನೀವು ಅದೇ ಕಂದು ಬಣ್ಣ ಹಚ್ಚಿ ಮಧ್ಯಾಹ್ನದ ಬಿಸಿಲಿನಲ್ಲಿ ಕಾಲೇಜಿಗೆ ಹೋದರೆ ಸೂರ್ಯ ಒಂದು ನೆರಳು ಕೊಡುತ್ತಾನೆ, ನೀವೊಂದು ಕೊಟ್ಟಿರುತ್ತೀರಿ. ವೇಷ ಅನ್ನಿಸದೆ ಇನ್ನೇನು?

ಒಂದು ಅಭ್ಯಾಸ ಹೇಳುತ್ತೇನೆ. ವಿಡಿಯೊದ ಧ್ವನಿ ನಿಲ್ಲಿಸಿ. ಮುಗಿದ ಮುಖದ ಸ್ಕ್ರೀನ್‌ಶಾಟ್ ತೆಗೆದು ಫೋನಿನಲ್ಲೇ ಕಪ್ಪು ಬಿಳುಪು ಮಾಡಿ. ಬಣ್ಣದ ಮೋಹ ಹೋದ ಮೇಲೆ ನಿಜವಾದ ಕೆಲಸ ಕಾಣುತ್ತದೆ: ಎಲ್ಲಿ ಬೆಳಕು, ಎಲ್ಲಿ ಕತ್ತಲು, ಎಲ್ಲಿ ಮಿಂಚು, ಎಲ್ಲಿ ಮಂಕು. ಮುಖ್ಯವಾಗಿ, ಎಲ್ಲಿ ಏನೂ ಮಾಡದೆ ಬಿಟ್ಟಿದ್ದಾರೆ ಅಂತ ಹುಡುಕಿ. ಒಳ್ಳೆ ಆರ್ಟಿಸ್ಟ್ ಕಣ್ಣಿಗೆ ಜೋರಾಗಿ ಬಣ್ಣ ಕೊಟ್ಟಿದ್ದರೆ ತುಟಿಯನ್ನು ಹೆಚ್ಚಾಗಿ ಸುಮ್ನೆ ಬಿಟ್ಟಿರುತ್ತಾರೆ. ಒಂದು ಹಾಳೆಯ ಮೇಲೆ ಮೊಟ್ಟೆಯಾಕಾರದ ಮುಖ ಬರೆದು ಅಷ್ಟನ್ನೂ ಪೆನ್ಸಿಲ್ಲಿನಲ್ಲಿ ಗುರುತು ಮಾಡಿ. ಆಮೇಲೆ ಅದರಲ್ಲಿ ಒಂದೇ ಒಂದನ್ನು ಆರಿಸಿ ನಿಮ್ಮ ಮುಖಕ್ಕೆ ತನ್ನಿ. ಕಣ್ಣಿನ ಗೆರೆ ಇಷ್ಟ ಆದರೆ ಗೆರೆ ಮಾತ್ರ. ಮರುದಿನ ಇನ್ನೊಂದು. ಕಿಟಕಿಗೆ ಎದುರಾಗಿ ಕೂತು ಹಗಲು ಬೆಳಕಿನಲ್ಲಿ ಮಾಡಿ, ಬಚ್ಚಲುಮನೆಯ ಬಲ್ಬಿನ ಕೆಳಗೆ ಬೇಡ.

ಮೈಸೂರಿಗೆ ಬಂದಾಗ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋಗಿ, ಎಸ್.ಎಲ್. ಹಲ್ದಣಕರ್ ಬರೆದ ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ಹತ್ತು ನಿಮಿಷ ನಿಲ್ಲಿ. ಅದು ಜಲವರ್ಣ. ಚಿತ್ರಕ್ಕೆ ನಿಂತಿದ್ದವರು ಕಲಾವಿದರ ಮಗಳೇ. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಗಾಳಿಗೆ ಅಡ್ಡ. ಬೆರಳ ಸಂದಿಯಲ್ಲಿ ಚರ್ಮ ಕೆಂಪಾಗಿ ಬೆಳಗುತ್ತದಲ್ಲ, ಅದನ್ನು ನೋಡಿ. ಬೆಳಕು ಕೆಳಗಿನಿಂದ ಬಂದರೆ ಮುಖದಲ್ಲಿ ಏನೇನು ಏಳುತ್ತದೆ, ಏನೇನು ಮುಳುಗುತ್ತದೆ ನೋಡಿ. ಮುಖಕ್ಕೆ ಮಿಂಚು ಕೊಡುವ ಹೈಲೈಟರ್ ಎಲ್ಲಿ ಹಚ್ಚಬೇಕು ಅಂತ ನನಗೆ ಅರ್ಥವಾದದ್ದು ಅಲ್ಲಿ. ಟಿಕೆಟ್ಟಿನ ದುಡ್ಡಿಗೆ ಅಂಥ ಕ್ಲಾಸ್ ಎಲ್ಲೂ ಸಿಗುವುದಿಲ್ಲ.

ಪ್ರಶ್ನೆ: ನನ್ನ ಬಣ್ಣ ಕಪ್ಪು. ವಿಡಿಯೊದಲ್ಲಿ ಎದ್ದು ಕಾಣುವ ನೀಲಿ, ನೇರಳೆ, ಪೀಚ್ ಯಾವುದೂ ನನ್ನ ರೆಪ್ಪೆಯ ಮೇಲೆ ಕಾಣುವುದೇ ಇಲ್ಲ, ಬೂದಿ ಬಳಿದ ಹಾಗೆ ಆಗುತ್ತದೆ. ಕ್ರಿಯೇಟಿವ್ ಮೇಕಪ್ ಬೆಳ್ಳಗಿರುವವರಿಗೆ ಮಾತ್ರವಾ?
— ಕಾರ್ಖಾನೆ ಉದ್ಯೋಗಿ, ಹೂಟಗಳ್ಳಿ, ಮೈಸೂರು

ಉತ್ತರ: ಈ ಪ್ರಶ್ನೆಗೆ ಪ್ಯಾಟ್ ಮೆಕ್‌ಗ್ರಾತ್ ಕಥೆಯೇ ಉತ್ತರ. ಇವತ್ತು ಫ್ಯಾಷನ್ ಲೋಕದಲ್ಲಿ ಅವರಷ್ಟು ದೊಡ್ಡ ಮೇಕಪ್ ಆರ್ಟಿಸ್ಟ್ ಇನ್ನೊಬ್ಬರಿಲ್ಲ ಅಂತ ಬಹಳ ಜನ ಹೇಳುತ್ತಾರೆ, ನಾನೂ ಹೇಳುತ್ತೇನೆ. 2021ರಲ್ಲಿ ಬ್ರಿಟನ್ ಅವರಿಗೆ 'ಡೇಮ್' ಗೌರವ ಕೊಟ್ಟಿತು. ಬೆಳೆದದ್ದು ಇಂಗ್ಲೆಂಡಿನ ನಾರ್ಥಾಂಪ್ಟನ್‌ನಲ್ಲಿ, ತಾಯಿ ಜಮೈಕಾ ಮೂಲದವರು. ಆ ಕಾಲಕ್ಕೆ ಕಪ್ಪು ಚರ್ಮಕ್ಕೆ ಹೊಂದುವ ಬಣ್ಣ ಅಂಗಡಿಯಲ್ಲಿ ಸಿಗುತ್ತಿದ್ದದ್ದೇ ಕಡಿಮೆ. ತಾಯಿ ಸಿಕ್ಕಿದ್ದನ್ನು ಬೆರೆಸಿ ತಮ್ಮದೇ ಬಣ್ಣ ಮಾಡಿಕೊಳ್ಳುತ್ತಿದ್ದರು. ಟಿವಿಗೆ ಅಡ್ಡ ನಿಂತು 'ಇವತ್ತು ನನ್ನ ಕಣ್ಣಿಗೆ ಬೇರೆ ಏನು ಮಾಡಿದ್ದೇನೆ ಹೇಳು' ಅಂತ ಮಗಳನ್ನು ಕೇಳುತ್ತಿದ್ದರಂತೆ. ಉತ್ತರ ಸಿಗುವ ತನಕ ಜಾಗ ಬಿಡುತ್ತಿರಲಿಲ್ಲವಂತೆ. ಆ ಕಣ್ಣು ತಯಾರಾದದ್ದು ಹೀಗೆ.

ಇನ್ನು ನಿಮ್ಮ ರೆಪ್ಪೆ. ಬೂದಿ ಬಣ್ಣ ಬರುವುದಕ್ಕೆ ಕಾರಣ ನಿಮ್ಮ ಚರ್ಮ ಅಲ್ಲವೇ ಅಲ್ಲ. ಅಗ್ಗದ ಪೀಚ್, ಲ್ಯಾವೆಂಡರ್ ಶೇಡುಗಳಲ್ಲಿ ಬಣ್ಣ ಕಡಿಮೆ, ಬಿಳಿ ಪುಡಿ ಜಾಸ್ತಿ. ಆ ಬಿಳಿಯೇ ಕಂದು ಚರ್ಮದ ಮೇಲೆ ಬೂದಿಯಾಗಿ ಕೂರುತ್ತದೆ. ಎರಡು ದಾರಿ ಇವೆ. ತಿಳಿ ಬಣ್ಣಗಳ ಬದಲು ಗಾಢವಾದವನ್ನು ತೆಗೆದುಕೊಳ್ಳಿ: ನವಿಲುಗತ್ತಿನ ನೀಲಿ, ನೇರಳೆ ಹಣ್ಣಿನ ಬಣ್ಣ, ತಾಮ್ರ, ಎಲೆಹಸಿರು. ತಿಳಿ ಬಣ್ಣವೇ ಬೇಕೆಂದರೆ ರೆಪ್ಪೆಯ ಮೇಲೆ ಮೊದಲು ಬಿಳಿ ಪೆನ್ಸಿಲ್ ತೆಳ್ಳಗೆ ಹಚ್ಚಿ, ಅದು ಅಂಟಂಟಾಗಿರುವಾಗಲೇ ಬಣ್ಣವನ್ನು ಬೆರಳಿನಿಂದ ಒತ್ತಿ. ಬ್ರಷ್ಷಿನಿಂದ ಉಜ್ಜಬೇಡಿ, ಒತ್ತಿ. ಕಣ್ಣಿನ ಕೆಳಗಿನ ಕಪ್ಪಿಗೆ ತಿಳಿ ಕನ್ಸೀಲರ್ ಹಚ್ಚಿದರೂ ಅದೇ ಬೂದಿ. ಮೊದಲು ಕಿತ್ತಳೆ ಬಣ್ಣದ ಕರೆಕ್ಟರ್ ಚುಕ್ಕೆ ಇಡಿ, ನೀಲಿಗಪ್ಪನ್ನು ಕಿತ್ತಳೆ ಕೊಲ್ಲುತ್ತದೆ. ಆಮೇಲೆ ಕನ್ಸೀಲರ್.

ಬಣ್ಣ ಆರಿಸುವುದಕ್ಕೆ ಒಂದು ಶನಿವಾರ ದೇವರಾಜ ಮಾರುಕಟ್ಟೆಗೆ ಹೋಗಿ. ಗೋಪುರದ ಹಾಗೆ ಪೇರಿಸಿಟ್ಟ ಕುಂಕುಮ, ರಂಗೋಲಿ ಪುಡಿಗಳ ಪಕ್ಕ ನಿಮ್ಮ ಕೈಯ ಹಿಂಭಾಗ ಹಿಡಿದು ನೋಡಿ. ಯಾವ ಬಣ್ಣದ ಪಕ್ಕ ಚರ್ಮ ಹೊಳೆಯುತ್ತದೋ ಅದೇ ನಿಮ್ಮ ಬಣ್ಣ. ನೋಡುವುದಕ್ಕೆ ಮಾತ್ರ ಆಯಿತಾ, ಆ ಪುಡಿಯನ್ನು ರೆಪ್ಪೆಗೆ ಹಚ್ಚಬೇಡಿ. ರಂಗೋಲಿ ಪುಡಿ ನೆಲಕ್ಕೆ.

ಒಂದು ಸಂಕಟ ಹೇಳಿಕೊಳ್ಳುತ್ತೇನೆ. ನಾನು ಮೊದಲು ಕೆಲಸಕ್ಕಿದ್ದ ಪಾರ್ಲರಿನಲ್ಲಿ ಮದುವೆ ಹೆಣ್ಣನ್ನು ಎರಡು ಶೇಡ್ ಬೆಳ್ಳಗೆ ಮಾಡಲೇಬೇಕು ಅಂತ ಆರ್ಡರ್ ಇತ್ತು. ನಾನೂ ಮಾಡಿದ್ದೇನೆ. ಕುತ್ತಿಗೆ ಒಂದು ಬಣ್ಣ, ಮುಖ ಒಂದು ಬಣ್ಣ. ಆ ಹೆಣ್ಣುಮಕ್ಕಳ ಫೋಟೊ ನೆನೆದರೆ ಈಗಲೂ ಮುಖ ತಿರುಗಿಸಿಕೊಳ್ಳುವ ಹಾಗಾಗುತ್ತದೆ.

ಪ್ರಶ್ನೆ: ಪ್ಯಾರಿಸ್ ಷೋ ಒಂದರಲ್ಲಿ ಮಾಡೆಲ್‌ಗಳ ಮುಖ ಪಿಂಗಾಣಿ ಗೊಂಬೆ ಥರ ಗಾಜಿನಂತೆ ಹೊಳೆಯುತ್ತಿತ್ತು. ಯುವ ಸಂಭ್ರಮದಲ್ಲಿ ನಮ್ಮ ಕಾಲೇಜಿನ ತಂಡಕ್ಕೆ ಅದನ್ನೇ ಮಾಡಬೇಕು ಅಂತ ಆಸೆ. ಹನ್ನೆರಡು ಜನ ಡಾನ್ಸರ್‌ಗಳು. ಹೇಗೆ?
— ಪದವಿ ವಿದ್ಯಾರ್ಥಿನಿ, ಮೈಸೂರು

ಉತ್ತರ: ನೀವು ಹೇಳುತ್ತಿರುವುದು 2024ರ ಜನವರಿಯಲ್ಲಿ ಮೇಸಾನ್ ಮಾರ್ಜಿಯೆಲಾ ಫ್ಯಾಷನ್ ಮನೆಗೆ ಡಿಸೈನರ್ ಜಾನ್ ಗಲಿಯಾನೊ ಮಾಡಿದ ಷೋ. ಮೇಕಪ್ ಮೇಲೆ ಹೇಳಿದ ಅದೇ ಪ್ಯಾಟ್ ಮೆಕ್‌ಗ್ರಾತ್ ಅವರದು. ಅದು ಹೇಗೆ ಮಾಡಿದ್ದು ಅಂತ ಜಗತ್ತೆಲ್ಲ ತಲೆ ಕೆಡಿಸಿಕೊಂಡಿತ್ತು. ಆಮೇಲೆ ಅವರೇ ತೋರಿಸಿಕೊಟ್ಟರು. ಮುಖಕ್ಕೆ ಹಚ್ಚಿ ಒಣಗಿದ ಮೇಲೆ ಸುಲಿದು ತೆಗೆಯುವ ಪೀಲ್ ಆಫ್ ಮಾಸ್ಕ್ ಇರುತ್ತದಲ್ಲ, ಅಂಗಡಿಯಲ್ಲಿ ಟ್ಯೂಬಿನಲ್ಲಿ ಸಿಗುವುದು, ಅದನ್ನು ಡಿಸ್ಟಿಲ್ಡ್ ನೀರಿನಲ್ಲಿ ತೆಳ್ಳಗೆ ಮಾಡಿ ಏರ್‌ಬ್ರಷ್‌ನಿಂದ ಪದರ ಪದರವಾಗಿ ಸಿಂಪಡಿಸಿದ್ದರು. ಒಂದು ಪದರ ಒಣಗಿಸಿ ಅದರ ಮೇಲೆ ಇನ್ನೊಂದು. 2025ರಲ್ಲಿ ಅದಕ್ಕೆಂದೇ ಒಂದು ಮಾಸ್ಕನ್ನು ತಮ್ಮ ಕಂಪನಿಯಿಂದಲೇ ತಂದರು.

ಓದುವಾಗ ಸುಲಭ. ನಾನು ಸುಮ್ಮನಿರಲಾರದೆ ನನ್ನ ಅಸಿಸ್ಟೆಂಟ್ ಹುಡುಗಿಯ ಮೇಲೆ ಪ್ರಯೋಗ ಮಾಡಿದೆ. ನೋಡಲು ಅದ್ಭುತ. ಇಪ್ಪತ್ತು ನಿಮಿಷಕ್ಕೆ ಅವಳಿಗೆ ಯಾವುದೋ ಮಾತಿಗೆ ನಗು ಬಂತು, ಬಾಯಿಯ ಎರಡೂ ತುದಿಯಲ್ಲಿ ಗಾಜು ಬಿರಿಯಿತು. ತೆಗೆಯುವಾಗ ಹುಬ್ಬಿನ ನಾಲ್ಕು ಕೂದಲೂ ಬಂದವು. ರ‍್ಯಾಂಪ್ ಮೇಲೆ ನಗದೆ ನಡೆಯುವ ಮಾಡೆಲ್‌ಗೆ ಮಾಡಿದ್ದು ಅದು. ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಬೆವರು ಸುರಿಸಿ ಕುಣಿಯುವ ಹನ್ನೆರಡು ಜನರಿಗೆ ಖಂಡಿತ ಬೇಡ.

ಆದರೆ ಆಸೆ ಬಿಡಬೇಡಿ. ಆ ಷೋಗೆ ಸ್ಫೂರ್ತಿ ಎಲ್ಲಿಂದ ಬಂತು ಗೊತ್ತಾ? ಬ್ರಾಸಾಯ್ ಅನ್ನುವ ಫೋಟೊಗ್ರಾಫರ್ ಹತ್ತಿರ ಹತ್ತಿರ ನೂರು ವರ್ಷದ ಹಿಂದೆ ತೆಗೆದ ಪ್ಯಾರಿಸ್ ರಾತ್ರಿಗಳ ಚಿತ್ರಗಳಿಂದ. ತಾವು ಷೋ ಮಾಡುವ ಊರಿನ ಹಳೆಯ ಫೋಟೊ ನೋಡಿದರು, ಗೊಂಬೆ ಮುಖ ಹುಟ್ಟಿತು. ನೀವು ಅವರ ಗೊಂಬೆಯನ್ನು ನೋಡುತ್ತಾ ಕೂತಿದ್ದೀರಿ. ನಿಮ್ಮ ಮನೆಯ ಅಟ್ಟದ ಮೇಲೆ ಪಟ್ಟದ ಗೊಂಬೆ ಇಲ್ಲವಾ? ನವರಾತ್ರಿಗೆ ಹೇಗೂ ಇಳಿಸುತ್ತೀರಿ. ನಾಲ್ಕು ದಿನ ಮೊದಲೇ ಇಳಿಸಿ ಮುಖ ನೋಡಿ. ಕಿವಿಯ ಕಡೆಗೆ ಎಳೆದ ಉದ್ದ ಕಣ್ಣು. ದಾರದಂಥ ಹುಬ್ಬು. ಚಿಕ್ಕ ತುಟಿ. ಮೇಲೆ ವಾರ್ನಿಷ್ಷಿನ ಹೊಳಪು. ಹನ್ನೆರಡು ಜನ ಒಂದೇ ಪಟ್ಟದ ಗೊಂಬೆಯ ಮುಖದಲ್ಲಿ ವೇದಿಕೆಗೆ ಬಂದರೆ ಇಡೀ ಮೈಸೂರಿಗೆ ಅರ್ಥವಾಗುತ್ತದೆ.

ಮಾಡುವ ರೀತಿ: ನಿಮ್ಮ ಹುಬ್ಬಿನ ಮೇಲೆ ನೀರಿಗೆ ಕರಗುವ ಗ್ಲೂ ಸ್ಟಿಕ್ ಉಜ್ಜಿ ಕೂದಲನ್ನು ಮಲಗಿಸಿ, ಒಣಗಿದ ಮೇಲೆ ಪೌಡರ್, ಅದರ ಮೇಲೆ ಫೌಂಡೇಶನ್. ಹುಬ್ಬು ಮಾಯ. ಅರ್ಧ ಇಂಚು ಮೇಲೆ ಹೊಸ ಹುಬ್ಬು ಬರೆಯಿರಿ. ಕೆನ್ನೆಗೆ ದುಂಡಗೆ ಕೆಂಪು. ಮುಖ ಪೂರ್ತಿ ಮ್ಯಾಟ್ ಇರಲಿ, ಅಂದರೆ ಹೊಳಪು ಬೇಡ. ವೇದಿಕೆ ಹತ್ತುವ ಎರಡು ನಿಮಿಷ ಮೊದಲು ಕೆನ್ನೆಯ ಮೂಳೆ, ಮೂಗಿನ ತುದಿ, ತುಟಿಯ ನಡು, ಇಷ್ಟಕ್ಕೆ ಮಾತ್ರ ಬಣ್ಣವಿಲ್ಲದ ಲಿಪ್ ಗ್ಲಾಸ್ ಒತ್ತಿ. ದೀಪ ಬಿದ್ದಾಗ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ಕೂದಲು ಬಿಗಿಯಾಗಿ ಕಟ್ಟಿರಲಿ, ಬಯಲಿನ ಗಾಳಿಗೆ ಹಾರಿ ಗ್ಲಾಸಿಗೆ ಅಂಟಿಕೊಂಡರೆ ಗೊಂಬೆಗೆ ಮೀಸೆ ಬರುತ್ತದೆ.

ಪ್ರಶ್ನೆ: ಸ್ಟೇಷನರಿ ಅಂಗಡಿಯ ಗ್ಲಿಟರ್ ಕಣ್ಣಿಗೆ ಹಚ್ಚಬಹುದಾ? ಮೇಕಪ್ ಗ್ಲಿಟರ್ ತುಂಬಾ ದುಬಾರಿ.
— ಕೆ.ಆರ್. ನಗರ

ಉತ್ತರ: ಬೇಡ. ಅದರ ಚೂರುಗಳ ಅಂಚು ಚೂಪು, ಕಣ್ಣುಗುಡ್ಡೆಯನ್ನು ಗೀರುತ್ತದೆ. ದುಡ್ಡಿಲ್ಲದಿದ್ದರೆ ಗ್ಲಿಟರ್ ಬಿಡಿ, ಒಂದು ಶಿಮರ್ ಐಶ್ಯಾಡೊವನ್ನು ಒದ್ದೆ ಬೆರಳಿನಿಂದ ಒತ್ತಿ. ನಾಲ್ಕಡಿ ದೂರಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಪ್ರಶ್ನೆ: ಆರನೇ ಕ್ಲಾಸಿನ ಮಗನಿಗೆ ಶಾಲೆಯ ಫ್ಯಾನ್ಸಿ ಡ್ರೆಸ್‌ಗೆ ಕಾಂತಾರದ ದೈವದ ಮುಖ ಮಾಡಬೇಕಂತೆ. ಹಳದಿ ಬಣ್ಣಕ್ಕೆ ಏನು ಬಳಸಲಿ?
— ಗೃಹಿಣಿ, ಹುಣಸೂರು

ಉತ್ತರ: ಅಮ್ಮ, ಬಣ್ಣ ಹೇಳಿಕೊಡುವುದು ಕಷ್ಟವಲ್ಲ, ಆದರೆ ಹೇಳಿಕೊಡುವುದಿಲ್ಲ. 2022ರಲ್ಲಿ ಆ ಸಿನಿಮಾ ಬಂದ ಮೇಲೆ ಕಂಡಕಂಡವರೆಲ್ಲ ದೈವದ ವೇಷ ಹಾಕಿ ರೀಲ್ಸ್ ಮಾಡಿದರು. ತುಳುನಾಡಿನವರಿಗೆ ಅದು ನೋವಾಯಿತು, ಹಾಗೆಂದು ಬಾಯಿಬಿಟ್ಟು ಹೇಳಿದರು. ದೈವದ ಕೋಲದಲ್ಲಿ ಮುಖಕ್ಕೆ ಹಚ್ಚುವ ಹಳದಿ ಬಣ್ಣ, ಅರದಾಳ, ಅವರಿಗೆ ಮೇಕಪ್ ಅಲ್ಲ, ಆರಾಧನೆಯ ಭಾಗ. ಯಾರು ಬೇಕಾದರೂ ಹಚ್ಚಿಕೊಳ್ಳುವಂಥದ್ದಲ್ಲ. ನಮ್ಮೂರಿನ ಹಬ್ಬದಲ್ಲಿ ದೇವರ ಪೂಜೆ ಹೊತ್ತು ಕುಣಿಯುವವರನ್ನು ಯಾರಾದರೂ ಪ್ರೈಜಿಗೆ ಅಂತ ಅಣಕಿಸಿದರೆ ನಮಗೆ ಹೇಗನ್ನಿಸುತ್ತದೆ?

ಹುಡುಗನಿಗೆ ಜೋರು ಮುಖ ಬೇಕು ಅಷ್ಟೇ ಅಲ್ವಾ? ಹುಲಿ ಮಾಡಿ. ನಾಗರಹೊಳೆಯ ಪಕ್ಕದಲ್ಲೇ ಇದ್ದೀರಿ. ನೀರಿನಲ್ಲಿ ಕಲಸುವ ಫೇಸ್ ಪೇಂಟ್ ತನ್ನಿ, ಹಿಂದಿನ ದಿನವೇ ಮೊಣಕೈಯ ಒಳಗಡೆ ಸ್ವಲ್ಪ ಹಚ್ಚಿ ಕೆಂಪಾಗುತ್ತದಾ ನೋಡಿ. ಹಣೆಯ ಪಟ್ಟೆಗಳನ್ನು ನಿಜವಾದ ಹುಲಿಯ ಫೋಟೊ ಇಟ್ಟುಕೊಂಡು ಬರೆಯಿರಿ, ಕಾರ್ಟೂನ್ ನೋಡಿ ಬೇಡ. ಯಾವ ಎರಡು ಹುಲಿಯ ಪಟ್ಟೆಯೂ ಒಂದೇ ಥರ ಇರುವುದಿಲ್ಲ. ನಿಮ್ಮ ಮಗ ಯಾವ ಹುಲಿ ಅಂತ ಅವನೇ ಆರಿಸಲಿ.

ಪ್ರಶ್ನೆ: ನಮ್ಮೂರಲ್ಲಿ 'ಕುರುಕ್ಷೇತ್ರ' ನಾಟಕ. ನನ್ನದು ದುರ್ಯೋಧನನ ಪಾರ್ಟು. ಪ್ರತಿವರ್ಷ ಅದೇ ಗುಲಾಬಿ ಮುಖ, ಅದೇ ಮೀಸೆ. ಹಾಲಿವುಡ್ ಆರ್ಟಿಸ್ಟ್‌ಗಳ ಥರ ಗಾಯದ ಗುರುತು, ವಯಸ್ಸಾದ ಮುಖ ಎಲ್ಲ ಮಾಡಿ ಊರನ್ನೇ ಬೆಚ್ಚಿಬೀಳಿಸಬೇಕು ಅಂತಿದ್ದೇನೆ. ಮೇಕಪ್ಪಿನವರು ಒಪ್ಪುತ್ತಿಲ್ಲ.
— ರೈತ, ಶ್ರೀರಂಗಪಟ್ಟಣ ತಾಲ್ಲೂಕು

ಉತ್ತರ: ನಿಮ್ಮ ಪತ್ರ ಬಂದ ದಿನ ನನಗೆ ಹಬ್ಬ. ಮಂಡ್ಯದ ಕಡೆಯವಳು ನಾನು, ಕುರುಕ್ಷೇತ್ರದ ಹಾರ್ಮೋನಿಯಂ ಕೇಳಿಕೊಂಡೇ ಬೆಳೆದವಳು. ದುರ್ಯೋಧನನ ಪಾರ್ಟಿಗೆ ಎಷ್ಟು ಕಟ್ಟಿದಿರಿ ಅಂತ ಕೇಳುವುದಿಲ್ಲ, ಮನೆಯವರು ಈ ಪತ್ರಿಕೆ ಓದಬಹುದು.

ಮೊದಲು ನಿಮ್ಮ ಮೇಕಪ್ಪಿನವರ ಪರವಾಗಿ ಎರಡು ಮಾತು. ಆ ಟ್ರಂಕಿನವರನ್ನು ಹಗುರ ಮಾಡಬೇಡಿ. ರಾತ್ರಿ ಒಂಬತ್ತಕ್ಕೆ ಹಚ್ಚಿದ ಬಣ್ಣ ಬೆಳಗಿನ ಜಾವ ಗದಾಯುದ್ಧದ ತನಕ ನಿಲ್ಲಬೇಕು. ಮುಖ ಗುಲಾಬಿ ಯಾಕೆ? ಕೊನೆಯ ಸಾಲಿನಲ್ಲಿ ಕಂಬಳಿ ಹೊದ್ದು ಕೂತ ಅಜ್ಜನಿಗೂ ಕಾಣಲಿ ಅಂತ. ಅವರು ಹಚ್ಚುವ ಪ್ಯಾನ್‌ಕೇಕ್ ಕೂಡ ಹಾಲಿವುಡ್ಡಿನದ್ದೇ ಸಂತಾನ. 1930ರ ದಶಕದ ಕೊನೆಯಲ್ಲಿ ಮ್ಯಾಕ್ಸ್ ಫ್ಯಾಕ್ಟರ್ ಕಂಪನಿ ಬಣ್ಣದ ಸಿನಿಮಾಗಳಿಗೆ ಅಂತ ಮಾಡಿದ್ದು. ಅದಕ್ಕೆ ಮುಂಚೆ ನಮ್ಮವರು ಸಫೇದ ಅನ್ನುವ ಬಿಳಿ ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಕೆಂಪಿಗೆ ಇಂಗಲೀಕ, ಹಳದಿಗೆ ಅರದಾಳ ಬಳಸುತ್ತಿದ್ದರು. ಇಂಗಲೀಕದಲ್ಲಿ ಪಾದರಸ, ಅರದಾಳದಲ್ಲಿ ಆರ್ಸೆನಿಕ್. ಯಾರದ್ದಾದರೂ ಹಳೆಯ ಪೆಟ್ಟಿಗೆಯಲ್ಲಿ ಆ ಡಬ್ಬಿಗಳು ಸಿಕ್ಕರೆ ನೋಡಿ ಸಂತೋಷಪಡಿ, ಹಚ್ಚಿಕೊಳ್ಳಬೇಡಿ.

ಹಾಲಿವುಡ್ಡಿನಿಂದ ಕಲಿಯುವುದಾದರೆ ಮೇಕಪ್ ಆರ್ಟಿಸ್ಟ್ ಡಿಕ್ ಸ್ಮಿತ್ ಹತ್ತಿರ ಕಲಿಯಿರಿ. 1973ರ 'ದಿ ಎಕ್ಸಾರ್ಸಿಸ್ಟ್' ಸಿನಿಮಾದ ಮುದಿ ಪಾದ್ರಿಯನ್ನು ನೋಡಿದವರು ಆ ನಟನಿಗೆ ಎಪ್ಪತ್ತು ದಾಟಿದೆ ಅಂದುಕೊಂಡರು. ಮ್ಯಾಕ್ಸ್ ವಾನ್ ಸಿಡೊಗೆ ಆಗ ನಲವತ್ತು ದಾಟಿತ್ತು ಅಷ್ಟೇ. ಸ್ಮಿತ್ ಮುಖಕ್ಕೆ ಒಂದೇ ಮುಖವಾಡ ಅಂಟಿಸುತ್ತಿರಲಿಲ್ಲ. ರಬ್ಬರಿನ ತುಂಡುಗಳನ್ನು ಬೇರೆ ಬೇರೆಯಾಗಿ ಮಾಡಿ ಅಂಟಿಸುತ್ತಿದ್ದರು, ನಟ ಹುಬ್ಬು ಕುಣಿಸಿದರೆ ಆ ಹುಬ್ಬೂ ಕುಣಿಯಲಿ ಅಂತ. ಇನ್ನೂ ಒಂದು ಗುಣ ನನಗೆ ಇಷ್ಟ. ಗುಟ್ಟು ಮುಚ್ಚಿಡದ ಮನುಷ್ಯ ಆತ. ಹದಿಹರೆಯದ ರಿಕ್ ಬೇಕರ್ ಅನ್ನುವ ಹುಡುಗ ಅವರಿಗೆ ಪತ್ರ ಬರೆದ. ಸ್ಮಿತ್ ಎಲ್ಲವನ್ನೂ ಹೇಳಿಕೊಟ್ಟರು. ಆ ಹುಡುಗ ಮುಂದೆ ಮೇಕಪ್ಪಿಗೆ ಏಳು ಆಸ್ಕರ್ ಗೆದ್ದ. ನಿಮ್ಮ ಪತ್ರಗಳಿಗೆ ಉತ್ತರ ಬರೆಯಲು ಬೇಜಾರಾದಾಗಲೆಲ್ಲ ಇದನ್ನು ನೆನೆಸಿಕೊಳ್ಳುತ್ತೇನೆ.

ಈಗ ನಿಮ್ಮ ದುರ್ಯೋಧನ. ರಬ್ಬರಿನ ಗಾಯ ಬೇಡ. ಇಪ್ಪತ್ತು ಅಡಿ ದೂರಕ್ಕೆ ಅದು ಕಾಣುವುದಿಲ್ಲ, ಬೆವರಿಗೆ ಕಿತ್ತು ಬಂದು ಕಂದ ಹಾಡುವಾಗ ಬಾಯಿಗೆ ಬೀಳುತ್ತದೆ. ಸ್ಮಿತ್‌ರಿಂದ ಒಂದೇ ವಿಷಯ ತೆಗೆದುಕೊಳ್ಳೋಣ: ಮುಖ ಅಲುಗಾಡಬೇಕು. ನಮ್ಮ ಪೌರಾಣಿಕ ನಾಟಕಗಳಲ್ಲಿ ದುರ್ಯೋಧನನ ಹುಬ್ಬು ಮೊದಲ ದೃಶ್ಯದಿಂದಲೇ ಸಿಟ್ಟಿನಲ್ಲಿ ಏರಿರುತ್ತದೆ. ಕೊನೆಗೆ ಸಿಟ್ಟು ಬಂದಾಗ ಏರುವುದಕ್ಕೆ ಜಾಗವೇ ಇರುವುದಿಲ್ಲ. ನೀವು ಹುಬ್ಬನ್ನು ನೇರವಾಗಿ, ದಪ್ಪಗೆ ಬರೆಸಿ. ಸಿಟ್ಟನ್ನು ನಿಮ್ಮ ಸ್ನಾಯು ಮಾಡಲಿ. ಎರಡು ಹುಬ್ಬಿನ ನಡುವೆ ಕಂದು ಬಣ್ಣದ ಒಂದೇ ಗೆರೆ ಸಾಕು. ಅದೂ ನೀವು ಮುಖ ಗಂಟಿಕ್ಕಿದಾಗ ನಿಜವಾಗಿ ಎಲ್ಲಿ ಮಡಿಕೆ ಬೀಳುತ್ತದೋ ಅಲ್ಲೇ. ವೈಶಂಪಾಯನ ಸರೋವರದ ದೃಶ್ಯಕ್ಕೆ ಮುಂಚೆ ಹತ್ತು ನಿಮಿಷ ಸಿಗುತ್ತದಲ್ಲ, ಆಗ ಕೆನ್ನೆಯ ಗುಲಾಬಿಯನ್ನು ಒರೆಸಿ, ಕಣ್ಣಿನ ಕೆಳಗೆ ಬೂದು ನೀಲಿ ತೀಡಿ, ಮೀಸೆಯ ಒಂದು ತುದಿ ಕೆಳಗಿಳಿಸಿ. ರಾತ್ರಿಯಿಡೀ ಮೆರೆದ ರಾಜ ಸೋತ ಮುಖದಲ್ಲಿ ಬರುತ್ತಾನೆ. ಊರು ಬೆಚ್ಚುತ್ತದೋ ಇಲ್ಲವೋ, ಮಾತು ನಿಲ್ಲಿಸಿ ನೋಡುತ್ತದೆ.

ಮೀಸೆ ಅಂಟಿಸುವ ಸ್ಪಿರಿಟ್ ಗಮ್ಮನ್ನು ಎಳೆದು ಕೀಳಬೇಡಿ, ಎಣ್ಣೆ ಹಚ್ಚಿ ನೆನೆಸಿ ತೆಗೆಯಿರಿ. ಮೇಕಪ್ಪಿನವರಿಗೆ ಇದನ್ನೆಲ್ಲ ನೀವೇ ಯೋಚಿಸಿದ್ದು ಅನ್ನುವ ಹಾಗೆ ಹೇಳಬೇಡಿ. 'ಅಣ್ಣಾ, ಹೀಗೆ ಮಾಡಿದರೆ ಹೇಗಿರುತ್ತೆ?' ಅಂತ ಕೇಳಿ. ನಿಮ್ಮ ಹತ್ತರಷ್ಟು ಮುಖ ನೋಡಿರುತ್ತಾರೆ, ಇದಕ್ಕಿಂತ ಒಳ್ಳೆಯದನ್ನೇ ಹೇಳಬಹುದು. ಕನ್ನಡದ 'ಅಲ್ಲಮ' ಸಿನಿಮಾಕ್ಕೆ 64ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಮೇಕಪ್ಪಿಗೆ ಬಹುಮಾನ ಬಂತು ಅಂತಲೂ ಅವರಿಗೆ ಹೇಳಿ. ಅವರಿಗೆ ಗೊತ್ತಿದ್ದರೂ ಇನ್ನೊಮ್ಮೆ ಕೇಳಲು ಇಷ್ಟಪಡುತ್ತಾರೆ.

ಪ್ರಶ್ನೆ: ಒಬ್ಬ ಆರ್ಟಿಸ್ಟ್ ಮಾಡಿದ ಲುಕ್ ನೋಡಿ ನಾನೂ ಮಾಡಿ ಇನ್‌ಸ್ಟಾಗ್ರಾಂಗೆ ಹಾಕಿದೆ. ಕದ್ದಿದ್ದೀಯ ಅಂತ ಅವರು ಮೆಸೇಜ್ ಮಾಡಿದ್ದಾರೆ. ಮೇಕಪ್ಪಿಗೂ ಮಾಲೀಕರು ಇರುತ್ತಾರಾ?
— ಮದ್ದೂರು

ಉತ್ತರ: ಹೆಸರು ಹಾಕಿದ್ದಿರಾ? ಪತ್ರದಲ್ಲಿ ಅದನ್ನು ಬರೆದಿಲ್ಲ, ಅಂದರೆ ಹಾಕಿಲ್ಲ ಅಂತ ಅಂದುಕೊಳ್ಳುತ್ತೇನೆ. 'ಇಂಥವರನ್ನು ನೋಡಿ ಮಾಡಿದ್ದು' ಅಂತ ಮೊದಲ ಸಾಲಿನಲ್ಲೇ ಬರೆಯಿರಿ, ಕ್ಷಮೆ ಕೇಳಿ ಒಂದು ಉತ್ತರ ಕಳಿಸಿ. ಕಣ್ಣಿಗೆ ರೆಕ್ಕೆ ಎಳೆಯುವುದಕ್ಕೆ ಯಾರೂ ಮಾಲೀಕರಲ್ಲ. ಚುಕ್ಕೆ, ಬಣ್ಣ, ಗೆರೆ, ಕೊನೆಗೆ ತಲೆ ಓರೆ ಮಾಡಿದ ಭಂಗಿಯನ್ನೂ ಹಾಗೇ ಇಳಿಸಿ 'ನನ್ನ ಐಡಿಯಾ' ಅಂದರೆ ಮಾತ್ರ ಸಿಟ್ಟು ಬರುತ್ತದೆ, ನನಗೂ ಬರುತ್ತದೆ. ಕಲಿಯುವಾಗ ನಕಲು ಮಾಡಿ, ಧಾರಾಳವಾಗಿ. ಅದನ್ನು ತೋರಿಸಿ ಗಿರಾಕಿಯ ಹತ್ತಿರ ದುಡ್ಡು ತೆಗೆದುಕೊಳ್ಳುವಾಗ ಮಾತ್ರ ಸ್ವಲ್ಪ ನಾಚಿಕೆ ಇರಲಿ.

ಪ್ರಶ್ನೆ: ನನಗೆ 64 ವರ್ಷ, ನಿವೃತ್ತ ಟೀಚರ್. ಮೊಮ್ಮಗಳ ಜೊತೆ ಕೂತು ಮೇಕಪ್ ವಿಡಿಯೊ ನೋಡುವುದು ಅಭ್ಯಾಸವಾಗಿದೆ. ನನಗೂ ಕಣ್ಣಿಗೆ ಹಸಿರು ಗೆರೆ ಎಳೆದುಕೊಳ್ಳುವ ಆಸೆ. ರೆಪ್ಪೆ ಜೋತುಬಿದ್ದಿದೆ, ಹಚ್ಚಿದ್ದು ಮಡಿಕೆಯೊಳಗೆ ಹೋಗಿಬಿಡುತ್ತದೆ. ಮೊಮ್ಮಗಳು ನಗುತ್ತಾಳೆ. ಹುಚ್ಚು ಅನ್ನಿಸುತ್ತದಾ?
— ಒಂಟಿಕೊಪ್ಪಲು, ಮೈಸೂರು

ಉತ್ತರ: ಮೇಡಂ, ಈ ತಿಂಗಳ ನನ್ನ ಮೆಚ್ಚಿನ ಪತ್ರ ನಿಮ್ಮದು.

ವಿಡಿಯೊದ ಹುಡುಗಿಯರು ಕಣ್ಣು ಮುಚ್ಚಿ ಗೆರೆ ಎಳೆಯುತ್ತಾರೆ. ಅವರ ರೆಪ್ಪೆಗೆ ಅದು ಸರಿ. ನೀವು ಕನ್ನಡಿಯನ್ನು ಮುಖದ ಎತ್ತರಕ್ಕೆ ಇಟ್ಟು, ಕಣ್ಣು ಪೂರ್ತಿ ತೆರೆದು, ನೇರವಾಗಿ ನೋಡಿ. ಪಾಠ ಕೇಳದ ಹುಡುಗನನ್ನು ನೋಡುತ್ತಿದ್ದ ನೋಟ ಇರುತ್ತದಲ್ಲ, ಅದೇ. ಹಾಗೆ ನೋಡುವಾಗ ಮಡಿಕೆಯ ಮೇಲೆ ಎಷ್ಟು ಜಾಗ ಕಾಣುತ್ತದೋ ಅಲ್ಲಿ ಪೆನ್ಸಿಲ್ಲಿನಿಂದ ಮೂರು ಚುಕ್ಕೆ ಇಡಿ. ಆ ಚುಕ್ಕೆಗಳನ್ನು ಸೇರಿಸಿ ಹಸಿರು ಗೆರೆ ಎಳೆಯಿರಿ. ಕಣ್ಣು ಮುಚ್ಚಿದರೆ ಅದು ಎಲ್ಲೋ ಮೇಲೆ ಹೋಗಿ ವಿಚಿತ್ರವಾಗಿ ಕಾಣುತ್ತದೆ, ಕಾಣಲಿ. ನಿಮ್ಮನ್ನು ಕಣ್ಣು ಮುಚ್ಚಿಕೊಂಡಾಗ ನೋಡುವವರು ಯಾರು? ಪುಡಿ ಬಣ್ಣ ಸುಕ್ಕಿನಲ್ಲಿ ಕೂರುತ್ತದೆ, ಕ್ರೀಮ್ ಪೆನ್ಸಿಲ್ ತೆಗೆದುಕೊಳ್ಳಿ. ಮಿಂಚುವ ಹಸಿರಿಗಿಂತ ಮ್ಯಾಟ್ ಹಸಿರು ನಿಮಗೆ ಒಪ್ಪುತ್ತದೆ. ಗೆರೆಯ ಕೊನೆಯನ್ನು ಕೆಳಕ್ಕೆ ಬಿಡದೆ ಹುಬ್ಬಿನ ತುದಿಯ ಕಡೆಗೆ ಎತ್ತಿ. ನಿಮ್ಮ ಹತ್ತಿರ ಖಂಡಿತ ಹಸಿರು ಅಂಚಿನ ಒಂದು ಮೈಸೂರು ಸಿಲ್ಕ್ ಇರುತ್ತದೆ. ಪೆನ್ಸಿಲ್ ಕೊಳ್ಳುವಾಗ ಅದರ ಸೆರಗನ್ನು ಜೊತೆಗೆ ಒಯ್ದು ಬಣ್ಣ ತಾಳೆ ನೋಡಿ.

ಮೊದಲ ದಿನ ಗೆರೆ ಸೊಟ್ಟ ಬರುತ್ತದೆ. ಬಂದದ್ದನ್ನು ಹಾಗೇ ಬಿಟ್ಟು ಮೊಮ್ಮಗಳ ಎದುರು ಹೋಗಿ ನಿಂತು ಕೇಳಿ, 'ಇವತ್ತು ನನ್ನ ಕಣ್ಣಿಗೆ ಬೇರೆ ಏನು ಮಾಡಿದ್ದೇನೆ, ಹೇಳು.' ಉತ್ತರ ಕೊಡುವ ತನಕ ಟಿವಿಗೆ ಅಡ್ಡ ನಿಂತಿರಿ.